ಮಧ್ಯಾಹ್ನದ ಕರೆಂಟು, ಸಂಜೆಯ ಚಿಂತೆ

ಪಾವಗಡದ ಸೋಲಾರ್ ಪಾರ್ಕ್ 2050 ಮೆಗಾವ್ಯಾಟ್. ರಾಯಚೂರಿನ ಶಾಖೋತ್ಪನ್ನ ಸ್ಥಾವರ 1720 ಮೆಗಾವ್ಯಾಟ್. ಹಾಗಾದ್ರೆ ರಾಯಚೂರಿನ ಕಲ್ಲಿದ್ದಲು ಒಲೆ ಆರಿಸಿಬಿಡಬಹುದಲ್ವಾ? ಹಾಸ್ಟೆಲ್ ಮೆಸ್ಸಿನಲ್ಲಿ ಈ ಪ್ರಶ್ನೆ ಎದ್ದಾಗ ಮೆಕ್ಯಾನಿಕಲ್‌ನವರು ಹೌದು ಅಂದರು, ಎಲೆಕ್ಟ್ರಿಕಲ್‌ನವರು ನಕ್ಕರು. ನಕ್ಕವರಿಗೂ ಪೂರ್ತಿ ಉತ್ತರ ಗೊತ್ತಿರಲಿಲ್ಲ ಅನ್ನೋದು ಬೇರೆ ಮಾತು.

ನಮ್ಮ ದೇಶದಲ್ಲಿ ಸೋಲಾರ್ ಬೆಳೆದ ವೇಗ ಸಣ್ಣದಲ್ಲ. 2010ರಲ್ಲಿ ರಾಷ್ಟ್ರೀಯ ಸೌರ ಮಿಷನ್ ಶುರುವಾದಾಗ 2022ಕ್ಕೆ 20 ಗಿಗಾವ್ಯಾಟ್ ಅನ್ನೋದೇ ದೊಡ್ಡ ಗುರಿ. 2015ರಲ್ಲಿ ಅದನ್ನು 100ಕ್ಕೆ ಏರಿಸಿದರು. ಮುಟ್ಟಿದ್ದು ತಡವಾಗಿ, 2025ರ ಜನವರಿಯಲ್ಲಿ, ಆದರೂ ಮುಟ್ಟಿದೆವು. ಆರಂಭದಲ್ಲಿ ಯೂನಿಟ್ಟಿಗೆ ಹತ್ತು ರೂಪಾಯಿ ದಾಟಿದ್ದ ದರ 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ 2.44ಕ್ಕೆ ಇಳಿಯಿತು.

ಪಾವಗಡದಲ್ಲಿ ತಿರುಮಣಿ ಸುತ್ತಲಿನ ಐದು ಹಳ್ಳಿಗಳ ಸುಮಾರು 13,000 ಎಕರೆಯನ್ನು ಕೊಳ್ಳಲಿಲ್ಲ, ರೈತರಿಂದ ಗುತ್ತಿಗೆಗೆ ಪಡೆದರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆ ನಂಬಿ ಶೇಂಗಾ ಹಾಕುತ್ತಿದ್ದವರಿಗೆ ಇದು ಖಾತ್ರಿ ದುಡ್ಡು. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಜಮೀನಿಲ್ಲದವರಿಗೆ ಮಾತ್ರ ಬಾಡಿಗೆಯೂ ಇಲ್ಲ, ಕೂಲಿಯೂ ಇಲ್ಲ.

ಈಗ ಮೆಸ್ಸಿನ ಪ್ರಶ್ನೆಗೆ ಬರೋಣ. 2050 ಅನ್ನೋದು ಪೂರ್ತಿ ಬಿಸಿಲಿರುವಾಗಿನ ಸಾಮರ್ಥ್ಯ. ರಾತ್ರಿ, ಮೋಡ, ಬೆಳಗ್ಗೆ-ಸಂಜೆಯ ಓರೆ ಬಿಸಿಲು ಎಲ್ಲಾ ಸೇರಿಸಿದರೆ ಇಂಥ ಕಡೆ ವರ್ಷದ ಸರಾಸರಿ ಶೇಕಡ 20ರಿಂದ 25. ಅಂದರೆ ದಿನವಿಡೀ ಲೆಕ್ಕ ಹಾಕಿದರೆ ನಾನೂರು, ಐನೂರು ಮೆಗಾವ್ಯಾಟ್ ಅಷ್ಟೇ. ಇನ್ನೊಂದು ತಮಾಷೆ: ಪ್ಯಾನೆಲ್‌ಗೆ ಬೇಕಿರೋದು ಬೆಳಕು, ಬಿಸಿ ಅಲ್ಲ. ಅದರ ರೇಟಿಂಗ್ ಕೊಡೋದು ಸೆಲ್ 25 ಡಿಗ್ರಿಯಲ್ಲಿರುವಾಗ. ಏಪ್ರಿಲ್ ಮಧ್ಯಾಹ್ನ ಸೆಲ್ 60 ಡಿಗ್ರಿ ಆಯಿತು ಅಂದುಕೊಳ್ಳಿ, ಡಿಗ್ರಿಗೆ ಶೇ. 0.4ರಂತೆ ಶೇ. 14 ಹೋಯಿತು.

ಆದರೆ ನಿಜವಾದ ತಲೆನೋವು ಸಂಜೆ ಆರೂವರೆಗೆ. ಸೋಲಾರ್ ಸೊನ್ನೆಗೆ ಇಳಿಯುವ ಹೊತ್ತಿಗೇ ಮನೆ ಮನೆಯಲ್ಲಿ ಲೈಟು, ಫ್ಯಾನು, ಟಿವಿ. ಕಲ್ಲಿದ್ದಲು ಘಟಕವನ್ನು ಸ್ವಿಚ್ ಒತ್ತಿದ ಹಾಗೆ ಏರಿಸೋಕಾಗಲ್ಲ, ಬಾಯ್ಲರ್ ಸಮಯ ಕೇಳುತ್ತೆ. ಮಧ್ಯಾಹ್ನ ಪೂರ್ತಿ ನಿಲ್ಲಿಸಿದರೆ ಸಂಜೆಗೆ ಕೈಗೆ ಸಿಗಲ್ಲ, ಹಾಗಾಗಿ ಕಡಿಮೆ ಉರಿಯಲ್ಲಿ ಓಡಿಸುತ್ತಲೇ ಇರಬೇಕು. ರಾಯಚೂರು ಇನ್ನೂ ಉರಿಯೋದು ಇದಕ್ಕೇ. ನಿಮಿಷಗಳಲ್ಲಿ ಏರಬಲ್ಲದ್ದು ಶರಾವತಿ. ಆದರೆ 2023ರಂತೆ ಮಳೆ ಕೈಕೊಟ್ಟ ವರ್ಷ ಅಲ್ಲೂ ನೀರು ಎಣಿಸಿ ಬಿಡಬೇಕು.

ಮಧ್ಯಾಹ್ನದ ಕರೆಂಟನ್ನು ಸಂಜೆಗೆ ಕೂಡಿಡೋದು ಒಂದು ದಾರಿ. ಶರಾವತಿಯಲ್ಲೇ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಇದೆ: ಹೆಚ್ಚುವರಿ ಕರೆಂಟಿನಿಂದ ಗೇರುಸೊಪ್ಪೆಯ ನೀರನ್ನು ಮೇಲಿನ ತಳಕಳಲೆಗೆ ಎತ್ತೋದು, ಸಂಜೆ ಕೆಳಗೆ ಬಿಡೋದು. ನೂರು ಯೂನಿಟ್ ಹಾಕಿದರೆ ಎಪ್ಪತ್ತೈದು, ಎಂಬತ್ತು ವಾಪಸ್. ಇಂಜಿನಿಯರಿಂಗ್ ಚೆನ್ನಾಗಿದೆ. ಜಾಗ ಮಾತ್ರ ಸಿಂಗಳೀಕ ಅಭಯಾರಣ್ಯ. ಲಿಂಗನಮಕ್ಕಿಗಾಗಿ ಒಮ್ಮೆ ಊರುಗಳು ಮುಳುಗಿದ ಕಣಿವೆಯಲ್ಲಿ ಮತ್ತೆ ಸುರಂಗ ಅಂದರೆ ಅಲ್ಲಿನವರು ವಿರೋಧಿಸೋದು ಸಹಜ.

ಅದಕ್ಕೂ ಮುಂಚೆ ಇನ್ನೊಂದು ದಾರಿ ಪೂರ್ತಿ ನಡೆದು ನೋಡಬೇಕು ಅನ್ನೋದು ನಮ್ಮ ಅಭಿಪ್ರಾಯ: ಬಳಕೆಯನ್ನೇ ಬಿಸಿಲಿರುವ ಹೊತ್ತಿಗೆ ಸರಿಸೋದು. ಪಂಪ್‌ಸೆಟ್ಟಿಗೆ ರಾತ್ರಿ ತ್ರೀಫೇಸ್ ಬರುತ್ತೆ ಅಂತ ಟಾರ್ಚ್ ಹಿಡಿದು, ಹಾವು ಚೇಳಿನ ನಡುವೆ ಗದ್ದೆಗೆ ಹೋದವರ ಮನೆಯಿಂದಲೇ ನಮ್ಮಲ್ಲಿ ಅನೇಕರು ಬಂದಿದ್ದೇವೆ. ಪಂಪಿನ ಫೀಡರ್ ಮನೆಗಳ ಫೀಡರಿನಿಂದ ಬೇರೆಯಾಗಿದ್ದರೆ ಆ ಸರದಿಯನ್ನು ಹಗಲಿಗೆ ತರಬಹುದು. ಕಾಡೂ ಕಡಿಯಬೇಕಿಲ್ಲ, ಬ್ಯಾಟರಿಯೂ ಬೇಕಿಲ್ಲ.

ಅಂದಹಾಗೆ, ನಮ್ಮ ಹಾಸ್ಟೆಲಿನ ನೀರಿನ ಮೋಟರ್ ದಿನಾ ಆನ್ ಆಗೋದು ಸಂಜೆ ಆರೂವರೆಗೇ. ಮಧ್ಯಾಹ್ನ ಹನ್ನೆರಡಕ್ಕೆ ಹಾಕಿದರೂ ಅದೇ ಟ್ಯಾಂಕ್ ತುಂಬುತ್ತೆ. ವಾರ್ಡನ್ ಸರ್‌ಗೆ ಅರ್ಜಿ ಬರೆದಿದ್ದೇವೆ, ಸಹಿ ಹಾಕೋರು ಮೆಸ್ಸಿನ ಹತ್ತಿರ ಸಿಗಿ.