ಚಿಕ್ಕ ದೋಣಿ, ದೊಡ್ಡ ಅಪಾಯ: ತಣ್ಣೀರಿನಲ್ಲಿ ಮುಳುಗಿದ ಮೀನುಗಾರಿಕಾ ಬೋಟ್ ನೋಡಲು ಇಳಿಯುವ ಮುನ್ನ ಇದು ತಿಳಿದಿರಲಿ

ನೇತ್ರಾಣಿಯಲ್ಲೋ ಮಾಲ್ವಣ್ ಸಮೀಪದ ತಾರ್ಕರ್ಲಿಯಲ್ಲೋ ಸ್ಕೂಬಾ ಡೈವಿಂಗ್ ಕಲಿತವರಿಗೆ, ಓದು ಅಥವಾ ಕೆಲಸಕ್ಕೆಂದು ಬ್ರಿಟನ್, ನಾರ್ವೆಗೆ ಹೋದಾಗ ಅಲ್ಲಿನ ಕಡಲಿಗೂ ಇಳಿಯುವ ಆಸೆ ಸಹಜ. ಅಲ್ಲಿನ ಕರಾವಳಿಯಲ್ಲಿ ಮುಳುಗಿದ ಹಡಗು, ದೋಣಿಗಳಿಗೆ ಕೊರತೆಯಿಲ್ಲ. ಅದರಲ್ಲೂ ಹತ್ತು ಮೀಟರ್ ಉದ್ದದ ಮೀನುಗಾರಿಕಾ ಬೋಟ್ ಎಂದರೆ ಒಂದೇ ಸುತ್ತಿನಲ್ಲಿ ನೋಡಿ ಮುಗಿಸಬಹುದು ಎನಿಸುತ್ತದೆ. ಆದರೆ ಬೆಚ್ಚಗಿನ ನೀರಿನ ಅನುಭವವಷ್ಟೇ ಅಲ್ಲಿ ಸಾಲದು. ಯಾಕೆ? ಇಲ್ಲಿದೆ ವಿವರ.

ಚಳಿ ಮಾಡುವ ತೊಂದರೆ ಏನು?

ನೀರು ಗಾಳಿಗಿಂತ 20ರಿಂದ 25 ಪಟ್ಟು ವೇಗವಾಗಿ ದೇಹದ ಶಾಖವನ್ನು ಸೆಳೆಯುತ್ತದೆ. ವೆಟ್‌ಸೂಟ್ ಆಳಕ್ಕೆ ಹೋದಂತೆ ಒತ್ತಡಕ್ಕೆ ತೆಳುವಾಗಿ ಬೆಚ್ಚಗಿಡುವ ಗುಣ ಕಳೆದುಕೊಳ್ಳುತ್ತದೆ. ಹೀಗಾಗಿ ತಣ್ಣೀರಿನಲ್ಲಿ ನೀರು ಒಳಬಾರದ ಡ್ರೈಸೂಟ್ ಬಳಸುತ್ತಾರೆ. ಅದಕ್ಕೆ ಪ್ರತ್ಯೇಕ ತರಬೇತಿ ಬೇಕು. ಸೂಟ್‌ನೊಳಗಿನ ಗಾಳಿ ಕಾಲಿನ ಕಡೆ ಸೇರಿಕೊಂಡರೆ ಡೈವರ್ ತಲೆಕೆಳಗಾಗಿ, ನಿಯಂತ್ರಣವಿಲ್ಲದೆ ಮೇಲಕ್ಕೆ ಚಿಮ್ಮಬಹುದು.

ಇನ್ನೊಂದು ಸಮಸ್ಯೆ ರೆಗ್ಯುಲೇಟರ್‌ನದು. ಸಿಲಿಂಡರ್‌ನಿಂದ ಹೊರಬರುವ ಗಾಳಿ ಹಿಗ್ಗುವಾಗ ತೀರಾ ತಣ್ಣಗಾಗುತ್ತದೆ. ಸುತ್ತಲಿನ ನೀರೂ ತಣ್ಣಗಿದ್ದರೆ ಒಳಗೆ ಮಂಜುಗಡ್ಡೆ ಕಟ್ಟಿ ಕವಾಟ ತೆರೆದೇ ಉಳಿಯಬಹುದು. ಆಗ ಸಿಲಿಂಡರ್ ಕೆಲವೇ ನಿಮಿಷಗಳಲ್ಲಿ ಖಾಲಿ. ಯುರೋಪಿನ ಮಾನದಂಡದ ಪ್ರಕಾರ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇದ್ದರೆ ಅದು ತಣ್ಣೀರು. ಅದಕ್ಕೆಂದೇ ಪರೀಕ್ಷಿಸಿದ ರೆಗ್ಯುಲೇಟರ್ ಬೇಕು.

20 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಗಿಂತ ಮೂರು ಪಟ್ಟು. ಪ್ರತಿ ಉಸಿರಿಗೂ ಅಷ್ಟೇ ಪಟ್ಟು ಹೆಚ್ಚು ಗಾಳಿ ಖರ್ಚಾಗುತ್ತದೆ. ಚಳಿಗೆ ಉಸಿರಾಟವೂ ವೇಗವಾದರೆ ಕೆಳಗೆ ಸಿಗುವ ಸಮಯ ಇನ್ನಷ್ಟು ಕಡಿಮೆ.

ಚಿಕ್ಕ ಬೋಟ್ ಯಾಕೆ ಅಪಾಯಕಾರಿ?

* ಬಲೆ ಮತ್ತು ಹಗ್ಗ: ಮೀನುಗಾರಿಕಾ ಬೋಟ್ ತನ್ನ ಬಲೆಗಳೊಂದಿಗೇ ಮುಳುಗಿರುತ್ತದೆ. ನಂತರ ಬೇರೆ ಬೋಟ್‌ಗಳ ಬಲೆಗಳೂ ಅದಕ್ಕೆ ಸಿಕ್ಕಿಹಾಕಿಕೊಳ್ಳುತ್ತವೆ. ತೆಳುವಾದ ನೈಲಾನ್ ಎಳೆಗಳು ಮಬ್ಬು ನೀರಿನಲ್ಲಿ ಕಾಣುವುದೇ ಇಲ್ಲ.
* ಇಕ್ಕಟ್ಟು: ಚಾಲಕನ ಕ್ಯಾಬಿನ್ ಬಾಗಿಲಲ್ಲಿ ಒಬ್ಬರು ನುಸುಳುವುದೇ ಕಷ್ಟ. ಬೆನ್ನಿಗೆ ಸಿಲಿಂಡರ್ ಇರುವಾಗ ಒಳಗೆ ತಿರುಗಲು ಜಾಗವಿಲ್ಲ, ಜೊತೆಗಾರ ನೆರವಿಗೆ ಬರಲೂ ಆಗದು.
* ಹೂಳು: ಕಾಲಿನ ಫಿನ್ ಒಮ್ಮೆ ತಾಗಿದರೆ ಸಾಕು, ಹೂಳು ಎದ್ದು ಬಂದ ದಾರಿಯೇ ಕಾಣದಾಗುತ್ತದೆ.

ಇವೆಲ್ಲ ಬೆಚ್ಚಗಿನ ನೀರಿನಲ್ಲೂ ಇರುವಂಥವೇ. ಆದರೆ ದಪ್ಪ ಕೈಗವಸು ತೊಟ್ಟ, ಚಳಿಗೆ ಮರಗಟ್ಟಿದ ಬೆರಳುಗಳಿಂದ ಬಲೆ ಬಿಡಿಸುವುದು ಬೇರೆಯೇ ಮಾತು. ಅದಕ್ಕಾಗಿ ಹಗ್ಗ ಕತ್ತರಿಸುವ ಎರಡು ಸಾಧನಗಳನ್ನು ಯಾವುದೇ ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕು. ಒಳಗೆ ನುಗ್ಗದೆ ಹೊರಗಿನಿಂದಲೇ ನೋಡುವುದು ಕ್ಷೇಮ. ಗಾಳಿ ಸಾಕಷ್ಟಿದ್ದರೂ, ನಡುಕ ಶುರುವಾದರೆ ಡೈವ್ ಅಲ್ಲಿಗೇ ಮುಗಿಸಬೇಕು.

ಅದು ಬರೀ ಅವಶೇಷವಲ್ಲ

2021ರ ಜನವರಿಯಲ್ಲಿ ವೇಲ್ಸ್‌ನ ಕಾನ್ವಿಯಿಂದ ಹೊರಟ ‘ನಿಕೋಲಾ ಫೇಯ್ತ್’ ಎಂಬ ಸಣ್ಣ ಬೋಟ್ ಮರಳಲಿಲ್ಲ. ಅದರಲ್ಲಿದ್ದ ಮೂವರೂ ಮೃತಪಟ್ಟರು. ಏಪ್ರಿಲ್‌ನಲ್ಲಿ ಸಮುದ್ರತಳದಲ್ಲಿ ಪತ್ತೆಯಾದ ಬೋಟನ್ನು ಮೇಲೆತ್ತಿ ಪರೀಕ್ಷಿಸಲಾಯಿತು. ಬೋಟ್‌ಗೆ ಮಾಡಿದ್ದ ಮಾರ್ಪಾಡುಗಳು ಮತ್ತು ಅತಿಯಾದ ಭಾರದಿಂದ ಸಮತೋಲನ ತಪ್ಪಿ ಮಗುಚಿತ್ತು ಎಂದು 2022ರಲ್ಲಿ ತನಿಖಾ ವರದಿ ಹೇಳಿತು. ಅಂದರೆ ಮುಳುಗಿದ ಬೋಟ್ ಕೆಲವೊಮ್ಮೆ ಏಕೈಕ ಸಾಕ್ಷಿ. ನೆನಪಿಗೆಂದು ಒಂದು ವಸ್ತುವನ್ನೂ ಎತ್ತಿಕೊಳ್ಳಬಾರದು. ಬ್ರಿಟನ್‌ನಲ್ಲಿ ಹಾಗೆ ಮೇಲೆ ತಂದ ಯಾವುದೇ ವಸ್ತುವಿನ ಬಗ್ಗೆ 28 ದಿನಗಳೊಳಗೆ ಸರ್ಕಾರಿ ಅಧಿಕಾರಿಗೆ ತಿಳಿಸುವುದು ಕಡ್ಡಾಯ.

ಕನ್ನಡಿಗರಿಗೆ ಈ ನೋವು ಹೊಸದಲ್ಲ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಏಳು ಮೀನುಗಾರರೊಂದಿಗೆ ನಾಪತ್ತೆಯಾಗಿತ್ತು. ಅದರ ಅವಶೇಷವನ್ನು 2019ರ ಮೇ ಆರಂಭದಲ್ಲಿ ಮಾಲ್ವಣ್ ಕರಾವಳಿಯಾಚೆ, ಸುಮಾರು 60 ಮೀಟರ್ ಆಳದಲ್ಲಿ ಪತ್ತೆ ಮಾಡಿದ್ದು ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್. ಹವ್ಯಾಸಿ ಡೈವರ್‌ಗಳಿಗೆ ಇರುವ ಗರಿಷ್ಠ ಮಿತಿಯೇ 40 ಮೀಟರ್.

ಹಾಗಾದರೆ ಎಲ್ಲಿಂದ ಆರಂಭಿಸಬೇಕು?

ಮೊದಲು ಡ್ರೈಸೂಟ್ ತರಬೇತಿ, ನಂತರ ದೋಣಿಗಳಿಲ್ಲದ ಜಾಗದಲ್ಲಿ ಕೆಲವು ತಣ್ಣೀರಿನ ಡೈವ್. ಆಮೇಲೆ ಆ ಜಾಗ ಗೊತ್ತಿರುವ ಸ್ಥಳೀಯ ಮಾರ್ಗದರ್ಶಕರ ಜೊತೆಗಷ್ಟೇ ಮುಳುಗಿದ ಬೋಟ್ ನೋಡಲು ಹೋಗಿ.