‘ಲೀಕಿ ಗಟ್’ ಅಂದ್ರೆ ಏನು? ಸೋರುವ ಕರುಳಿಗೂ ನಮ್ಮ ತಿಪ್ಪೆಗೂ ಇರೋ ನಂಟು

ವಾಟ್ಸಾಪ್ ಗ್ರೂಪ್‌ನಲ್ಲಿ, ಯೂಟ್ಯೂಬ್‌ನಲ್ಲಿ ಈಗ ಎಲ್ಲಿ ನೋಡಿದ್ರೂ ‘ಲೀಕಿ ಗಟ್’ ಮಾತು. ಮಂಡಿನೋವು, ತಲೆನೋವು, ಸುಸ್ತು, ಮೈತುರಿಕೆ ಎಲ್ಲಕ್ಕೂ ಕರುಳು ಸೋರೋದೇ ಕಾರಣ ಅಂತ ಹೇಳಿ, ಕೊನೆಗೆ ಒಂದು ಡಬ್ಬಿ ಪುಡಿ ಮಾರುತ್ತಾರೆ. ಇದರಲ್ಲಿ ಕಾಳೆಷ್ಟು, ಹೊಟ್ಟೆಷ್ಟು ಅಂತ ಈ ವಾರ ತೂರಿ ನೋಡೋಣ.

ಬೇರಿನಿಂದ ಅರ್ಥ ಮಾಡ್ಕೊಳ್ಳಿ

ಗಿಡದ ಬೇರಿನೊಳಗೆ ಜೀವಕೋಶಗಳ ಒಂದು ಸುತ್ತು ಇದೆ. ಆ ಕೋಶಗಳ ನಡುವಿನ ಸಂದಿಯನ್ನು ಮೇಣದಂಥ ಪಟ್ಟಿ ಮುಚ್ಚಿರುತ್ತದೆ. ಅದಕ್ಕೆ ಕ್ಯಾಸ್ಪೇರಿಯನ್ ಪಟ್ಟಿ ಅಂತಾರೆ. ನೀರು, ಗೊಬ್ಬರದ ಸಾರ ಸಂದಿಯಿಂದ ನುಸುಳಲು ಆಗಲ್ಲ. ಕೋಶದ ಮೂಲಕವೇ, ಅದು ಬಿಟ್ಟಷ್ಟೇ ಒಳಗೆ ಹೋಗಬೇಕು. ದಾಳಿಂಬೆ ಬೇರನ್ನು ಜಂತುಹುಳು (ನೆಮಟೋಡ್) ಗಾಯ ಮಾಡಿದರೆ ಅದೇ ದಾರಿಯಲ್ಲಿ ಸೊರಗು ರೋಗದ ಶಿಲೀಂಧ್ರ ನುಗ್ಗುವುದು ಕುಷ್ಟಗಿ, ಯಲಬುರ್ಗಾ ಕಡೆಯ ಬೆಳೆಗಾರರಿಗೆ ಗೊತ್ತೇ ಇದೆ.

ನಮ್ಮ ಕರುಳೂ ಹಾಗೇ. ಅದರ ಒಳಪದರ ಒಂದೇ ಒಂದು ಕೋಶದಷ್ಟು ದಪ್ಪ. ಕೋಶಗಳ ನಡುವೆ ಪ್ರೋಟೀನಿನ ಬಿಗಿ ಹೊಲಿಗೆ ಇದೆ. ಜೀರ್ಣವಾದ ಸತ್ವ ಒಳಗೆ ಹೋಗುತ್ತದೆ, ಬ್ಯಾಕ್ಟೀರಿಯಾ ಮತ್ತು ಅದರ ವಿಷ ಹೊರಗೇ ಉಳಿಯುತ್ತವೆ. ಹೊಲಿಗೆ ಸಡಿಲಾದಾಗ ಬೇಡದ್ದೂ ನುಸುಳಿ, ದೇಹದ ಕಾವಲುಪಡೆ ರೇಗಿ ಉರಿಯೂತ ಶುರುವಾಗುತ್ತದೆ. ಸೋರುವ ಕರುಳು ಅಂದ್ರೆ ಇಷ್ಟೇ.

ಒಳ್ಳೆ ಸುದ್ದಿ ಏನಂದ್ರೆ, ಈ ಪದರ 3ರಿಂದ 5 ದಿನಕ್ಕೊಮ್ಮೆ ಹೊಸದಾಗುತ್ತದೆ. ಗಾಯ ಮಾಡೋದನ್ನು ನಿಲ್ಲಿಸಿದರೆ ರಿಪೇರಿ ಕೆಲಸ ದೇಹವೇ ಶುರು ಮಾಡುತ್ತದೆ.

ನಿಜ ಯಾವುದು, ಉಪ್ಪು-ಖಾರ ಯಾವುದು?

2000ದಲ್ಲಿ ಅಲೆಸ್ಸಿಯೊ ಫಸಾನೊ ಎಂಬ ವೈದ್ಯ ವಿಜ್ಞಾನಿಯ ತಂಡ, ಈ ಹೊಲಿಗೆಯನ್ನು ಸಡಿಲಿಸುವ ‘ಜೊನುಲಿನ್’ ಎಂಬ ಪ್ರೋಟೀನ್ ಬಗ್ಗೆ ವರದಿ ಮಾಡಿತು. ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ರೋಗ, ಕ್ರೋನ್ಸ್ ರೋಗಗಳಲ್ಲಿ ಕರುಳು ಸೋರುವುದು ಖಚಿತ. ಆದ್ರೆ ‘ಲೀಕಿ ಗಟ್ ಸಿಂಡ್ರೋಮ್’ ಅನ್ನೋ ಹೆಸರಿನ ರೋಗವನ್ನು ವೈದ್ಯಶಾಸ್ತ್ರ ಒಪ್ಪಿಲ್ಲ. ಎಲ್ಲ ಕಾಯಿಲೆಗೂ ಅದೇ ಮೂಲ, ಈ ಪುಡಿಯೇ ಮದ್ದು ಅನ್ನೋದು ವ್ಯಾಪಾರ. ಸಾವಯವ ಬೆಳೆಗಾರರೂ ಅಷ್ಟೇ ನೋಡ್ರಿ: ‘ನಮ್ಮ ಅಕ್ಕಿ ತಿಂದ್ರೆ ಲೀಕಿ ಗಟ್ ವಾಸಿ’ ಅಂತ ಪ್ಯಾಕೆಟ್ ಮೇಲೆ ಬರೀಬೇಡಿ.

ನಮ್ಮ ಕಡೆ ಕರುಳು ಕೆಡಿಸೋದು ಯಾವುದು?

ಮೊದಲನೇದು ನೀರು. 2023ರಲ್ಲಿ ನಮ್ಮ ಕೊಪ್ಪಳ ಜಿಲ್ಲೆಯ ಬಸರಿಹಾಳ, ಬಿಜಕಲ್ ಗ್ರಾಮಗಳಲ್ಲಿ ಕಲುಷಿತ ನೀರಿನಿಂದ ವಾಂತಿ-ಭೇದಿ ಹಬ್ಬಿ ಸಾವುಗಳೂ ವರದಿಯಾದವು. ಭೇದಿ ನಿಂತ ಮೇಲೆ ಎಲ್ಲ ಸರಿಹೋಯ್ತು ಅಂದ್ಕೊಳ್ತೀವಿ. ಕೆನಡಾದ ವಾಕರ್ಟನ್ ಎಂಬ ಊರಿನ ಕಥೆ ಕೇಳಿ. 2000ದ ಮೇ ತಿಂಗಳಲ್ಲಿ ಜೋರು ಮಳೆಗೆ ಹತ್ತಿರದ ಹೊಲದ ಸಗಣಿ ಗೊಬ್ಬರದ ಇ. ಕೊಲೈ ಬ್ಯಾಕ್ಟೀರಿಯಾ ಕುಡಿಯುವ ನೀರಿನ ಬಾವಿ ಸೇರಿತು. ಕ್ಲೋರಿನ್ ಸರಿಯಾಗಿ ಹಾಕಿರಲಿಲ್ಲ. 7 ಜನ ಸತ್ತರು, 2,300ರಷ್ಟು ಜನ ಮಲಗಿದರು. ಆಮೇಲೆ ವರ್ಷಗಟ್ಟಲೆ ಹೊಟ್ಟೆ ತೊಂದರೆ ಬಿಡದವರನ್ನು ಪರೀಕ್ಷಿಸಿದಾಗ ಕರುಳಿನ ಸೋರಿಕೆ ಹೆಚ್ಚಿರುವುದು ಕಂಡುಬಂತು. ಆ ಹೊಲದವನು ಗೊಬ್ಬರ ಹಾಕಿದ್ದು ನಿಯಮದ ಪ್ರಕಾರವೇ ಇತ್ತು!

ಮಕ್ಕಳಿಗೆ ಇದು ಇನ್ನೂ ಕೆಟ್ಟದ್ದು. ಕೊಳೆ ನೀರು, ಬಯಲು ಶೌಚದ ನಡುವೆ ಬೆಳೆಯುವ ಮಗುವಿನ ಕರುಳಿಗೆ ದಿನಾ ಸಣ್ಣ ಸಣ್ಣ ಪೆಟ್ಟು ಬಿದ್ದು, ಸತ್ವ ಹೀರುವ ಬೆರಳಿನಂಥ ಮಡಿಕೆಗಳು ಮೊಂಡಾಗುತ್ತವೆ. ಭೇದಿ ಕಾಣದಿದ್ದರೂ ಉಂಡದ್ದು ಮೈಗೆ ಹತ್ತಲ್ಲ, ಎತ್ತರ ಬೆಳೆಯಲ್ಲ.

ಎರಡನೇದು ನೋವಿನ ಗುಳಿಗೆ. ಕಳೆ, ಕಟಾವು ಮುಗಿಸಿ ಮೈಕೈ ನೋವಿಗೆ ಖಾಲಿ ಹೊಟ್ಟೆಯಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗುವುದು ಹಳ್ಳಿಯಲ್ಲಿ ಚಟವಾಗಿದೆ. ಇವು ಕರುಳಿನ ಪದರವನ್ನು ನೇರವಾಗಿ ಗಾಯ ಮಾಡುತ್ತವೆ. ಮೂರನೇದು ಸಾರಾಯಿ, ಅದೂ ಹೊಲಿಗೆ ಸಡಿಲಿಸುತ್ತದೆ.

ಹೊಲದಲ್ಲಿ, ಮನೆಯಲ್ಲಿ ಮಾಡಬೇಕಾದ್ದು

• ತಿಪ್ಪೆ, ದನದ ಕೊಟ್ಟಿಗೆ ಬೋರ್‌ವೆಲ್‌ನಿಂದ ಕನಿಷ್ಠ 100 ಅಡಿ ದೂರ, ಇಳಿಜಾರಿನ ಕೆಳಗಡೆ ಇರಲಿ. ಬೋರ್‌ವೆಲ್ ಕೇಸಿಂಗ್ ನೆಲಕ್ಕಿಂತ ಮೇಲಿರಲಿ, ಸುತ್ತ ಕಾಂಕ್ರೀಟ್ ಕಟ್ಟೆ ಹಾಕಿಸಿ.

• ಹಸಿ ಸಗಣಿ ಬೇಡ. ಕಾಂಪೋಸ್ಟ್ ರಾಶಿಯ ಒಳಗೆ 55 ಡಿಗ್ರಿ ಶಾಖ ಬರಬೇಕು. ಸಾಲುರಾಶಿಯಾದರೆ 15 ದಿನ ಆ ಶಾಖ ಉಳಿಯಬೇಕು, ಅಷ್ಟರಲ್ಲಿ 5 ಸಲ ತಿರುವಿ ಹಾಕಬೇಕು. ಹಸಿ ಗೊಬ್ಬರ ಹಾಕಲೇಬೇಕಾದರೆ, ಮಣ್ಣಿಗೆ ತಾಗುವ ಬೆಳೆಗೆ ಕಟಾವಿಗೆ 120 ದಿನ ಮೊದಲೇ ಹಾಕಿ. ಇದು ಅಮೆರಿಕದ ಸಾವಯವ ನಿಯಮ, ನಮಗೂ ಒಪ್ಪುತ್ತದೆ.

• ಮೆಂತ್ಯ, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲು ನಾವು ರೊಟ್ಟಿ ಜೊತೆ ಹಸಿಯಾಗೇ ತಿಂತೀವಿ. ಇವುಗಳ ಎಲೆ ಮೇಲೆ ಜೀವಾಮೃತ ಸಿಂಪಡಿಸಬೇಡಿ, ಬುಡಕ್ಕೆ ಬಿಡಿ. ಶುದ್ಧ ನೀರಲ್ಲಿ ತೊಳೆದು ತಿನ್ನಿ.

• ನೀರು ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗಲ್ಲ. ನಮ್ಮ ಭಾಗದ ಬೋರ್ ನೀರಲ್ಲಿ ಫ್ಲೋರೈಡ್ ಸಮಸ್ಯೆ ಹಳೆಯದು. ಎರಡನ್ನೂ ಪರೀಕ್ಷೆ ಮಾಡಿಸಿ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು.

• ನಾರು ಬೇಕು. ಕರುಳಿನ ಒಳ್ಳೆ ಬ್ಯಾಕ್ಟೀರಿಯಾ ನಾರನ್ನು ಹುಳಿಸಿ ಬ್ಯುಟಿರೇಟ್ ಮಾಡುತ್ತವೆ; ದೊಡ್ಡ ಕರುಳಿನ ಕೋಶಗಳಿಗೆ ಅದೇ ಮುಖ್ಯ ಊಟ. ಜೋಳದ ರೊಟ್ಟಿ, ಸಜ್ಜೆ, ನವಣೆ, ಮಡಿಕೆಕಾಳು, ಪುಂಡಿಪಲ್ಯ, ಮಜ್ಜಿಗೆ ಇದ್ದರೆ ಸಾಕು, ಡಬ್ಬಿ ಪುಡಿ ಬೇಡ.

• ಮಗುವಿಗೆ ಭೇದಿಯಾದರೆ ಆಶಾ ಕಾರ್ಯಕರ್ತೆಯರ ಹತ್ತಿರ ಓಆರ್‌ಎಸ್, ಜಿಂಕ್ ಗುಳಿಗೆ ಪುಕ್ಕಟೆ ಸಿಗುತ್ತದೆ. ಭೇದಿ ನಿಂತರೂ ಜಿಂಕ್ 14 ದಿನ ಪೂರ್ತಿ ಕೊಡಿ.

ಡಾಕ್ಟರ ಹತ್ತಿರ ಯಾವಾಗ?

ಮಲದಲ್ಲಿ ರಕ್ತ, ಡಾಂಬರಿನಂಥ ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯೋದು, ವಾಸಿಯಾಗದ ರಕ್ತಹೀನತೆ, ನಾಲ್ಕು ವಾರ ಮೀರಿದ ಭೇದಿ, ಬೆಳೆಯದ ಮಗು – ಇವುಗಳಲ್ಲಿ ಒಂದು ಕಂಡರೂ ಮನೆಮದ್ದಿಗೆ ಕಾಯದೆ ಯಲಬುರ್ಗಾ ತಾಲ್ಲೂಕು ಆಸ್ಪತ್ರೆಗೋ, ಕೊಪ್ಪಳದ ಜಿಲ್ಲಾ ಆಸ್ಪತ್ರೆಗೋ ಹೋಗಿ. ಗೋಧಿ ಆಗಿಬರಲ್ಲ ಅನ್ನೋ ಅನುಮಾನ ಇದ್ದರೆ ರಕ್ತಪರೀಕ್ಷೆಗೆ ಮೊದಲೇ ಗೋಧಿ ಬಿಡಬೇಡಿ. ಬಿಟ್ಟರೆ ಪರೀಕ್ಷೆಯಲ್ಲಿ ಸೀಲಿಯಾಕ್ ಸಿಕ್ಕದೇ ಹೋಗಬಹುದು.

ಮಳೆಗಾಲ ಶುರುವಾಗೋಕೆ ಮುಂಚೆ ಒಂದು ಕೆಲಸ ಮಾಡಿ: ನಿಮ್ಮ ತಿಪ್ಪೆಯಿಂದ ಬೋರ್‌ವೆಲ್‌ವರೆಗೆ ಟೇಪು ಹಿಡಿದು ಅಳೆಯಿರಿ. ನೀರು ಯಾವ ಕಡೆ ಹರಿಯುತ್ತದೆ ಅನ್ನೋದನ್ನೂ ನೋಡಿ. 100 ಅಡಿಗಿಂತ ಕಡಿಮೆ ಬಂದರೆ, ಮೊದಲ ಮಳೆಗೆ ಮುಂಚೆ ತಿಪ್ಪೆ ಜಾಗ ಬದಲಾಗಲಿ.