ಬಣ್ಣದ ಕೆಳಗಿನ ಚರ್ಮ

ನಮ್ಮಂಥವರ ಕಂದು ಚರ್ಮ ಬಿಸಿಲಿಗೆ ಯಾಕೆ ಇಷ್ಟು ಬೇಗ ಕಪ್ಪಾಗುತ್ತದೆ, ಆ ಕಪ್ಪು ಯಾಕೆ ತಿಂಗಳುಗಟ್ಟಲೆ ಇಳಿಯುವುದಿಲ್ಲ? ಈ ಪ್ರಶ್ನೆಗೆ ಒಂದು ಮುಖ್ಯ ಉತ್ತರ ಸಿಕ್ಕಿದ್ದು ಚಳಿಗಾಲವಿಡೀ ಮೋಡ ಕವಿದಿರುವ, ಅಮೆರಿಕದ ಮಿಶಿಗನ್ ರಾಜ್ಯದ ಡೆಟ್ರಾಯ್ಟ್‌ನಲ್ಲಿ. ಅಲ್ಲಿನ ಉಪನಗರ ಸ್ಟರ್ಲಿಂಗ್ ಹೈಟ್ಸ್‌ನ ಕನ್ನಡಿಗರ ಮನೆಗಳಿಂದ ಅರ್ಧ ಗಂಟೆ ದಕ್ಷಿಣಕ್ಕೆ ಕಾರು ಓಡಿಸಿದರೆ ಹೆನ್ರಿ ಫೋರ್ಡ್ ಆಸ್ಪತ್ರೆ ಸಿಗುತ್ತದೆ. ಕಾರು ಕಟ್ಟಿದ ಅದೇ ಫೋರ್ಡ್ 1915ರಲ್ಲಿ ಆರಂಭಿಸಿದ ಆಸ್ಪತ್ರೆ ಅದು. ಅಲ್ಲಿನ ಚರ್ಮವೈದ್ಯರಾದ ಹೆನ್ರಿ ಲಿಮ್, ಇಲ್ತಿಫಾತ್ ಹಂಝಾವಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ, ಸನ್‌ಸ್ಕ್ರೀನ್ ಬಗ್ಗೆ ಅಲ್ಲಿಯವರೆಗಿದ್ದ ತಿಳಿವಳಿಕೆಯಲ್ಲಿ ದೊಡ್ಡದೊಂದು ತೂತಿದೆ ಎಂದು ತೋರಿಸಿತು.

ಬಿಸಿಲಿನಲ್ಲಿ ಹೆದರಬೇಕಾದದ್ದು ಅತಿನೇರಳೆ ಕಿರಣಕ್ಕೆ ಎಂದೇ ನಾವೆಲ್ಲ ಕಲಿತದ್ದು. ಅದರಲ್ಲಿ ಯುವಿಬಿ ಚರ್ಮದ ಮೇಲ್ಪದರವನ್ನು ಸುಡುತ್ತದೆ. ಯುವಿಎ ಇನ್ನೂ ಆಳಕ್ಕಿಳಿದು, ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜೆನ್ ಎಳೆಗಳನ್ನು ಸವೆಸುತ್ತದೆ. ಆದರೆ ನೆಲ ತಲುಪುವ ಬಿಸಿಲಿನಲ್ಲಿ ಅತಿನೇರಳೆಯ ಪಾಲು ಸುಮಾರು ನೂರಕ್ಕೆ ಐದು ಮಾತ್ರ. ಅದರ ಎಷ್ಟೋ ಪಟ್ಟು ಹೆಚ್ಚಿರುವುದು ಕಣ್ಣಿಗೆ ಕಾಣುವ ಬೆಳಕು, ಅಂದರೆ 400ರಿಂದ 700 ನ್ಯಾನೋಮೀಟರಿನ ಅಲೆಗಳು. ಇವು ನಿರುಪದ್ರವಿ ಎಂದೇ ಹೆಚ್ಚಿನವರು ನಂಬಿದ್ದರು. ಡೆಟ್ರಾಯ್ಟ್‌ನ ವೈದ್ಯರು ಸ್ವಯಂಸೇವಕರ ಚರ್ಮದ ಮೇಲೆ ಉದ್ದ ಅಲೆಯ ಯುವಿಎಯನ್ನೂ ಕಾಣುವ ಬೆಳಕನ್ನೂ ಬೇರೆ ಬೇರೆಯಾಗಿ ಬಿಟ್ಟು ನೋಡಿದರು. ಬಿಳಿ ಚರ್ಮದವರಲ್ಲಿ ಕಾಣುವ ಬೆಳಕಿನಿಂದ ಬಣ್ಣವೇನೂ ಏರಲಿಲ್ಲ. ಕಂದು ಮತ್ತು ಕಪ್ಪು ಚರ್ಮದವರಲ್ಲಿ ಏರಿತು. ಏರಿದ್ದಷ್ಟೇ ಅಲ್ಲ, ಯುವಿಎಯಿಂದಾದ ಕಪ್ಪಿಗಿಂತ ಹೆಚ್ಚು ಗಾಢವಾಗಿ, ಹೆಚ್ಚು ದಿನ ನಿಂತಿತು.

ಕೆಲವು ವರ್ಷಗಳ ನಂತರ ಫ್ರಾನ್ಸಿನ ನೀಸ್ ನಗರದ ಸಂಶೋಧಕರು ಇದಕ್ಕೆ ಕಾರಣ ಹುಡುಕಿದರು. ಚರ್ಮಕ್ಕೆ ಬಣ್ಣ ತಯಾರಿಸುವ ಮೆಲನೋಸೈಟ್ ಎಂಬ ಕೋಶಗಳಲ್ಲಿ ಆಪ್ಸಿನ್-3 ಎಂಬ ಪ್ರೋಟೀನ್ ಇದೆ. ನಮ್ಮ ಕಣ್ಣಿನ ಪರದೆಯಲ್ಲಿ ಬೆಳಕನ್ನು ಗುರುತಿಸುವ ಪ್ರೋಟೀನುಗಳ ಬಳಗದ್ದೇ ಇದು. ನೀಲಿ ಬೆಳಕು ಬಿದ್ದೊಡನೆ ಇದು ಮೆಲನಿನ್ ತಯಾರಿಕೆಗೆ ಚಾಲನೆ ಕೊಡುತ್ತದೆ. ಬಸಿರಿನ ಸಮಯದಲ್ಲಿ ಎಷ್ಟೋ ಹೆಂಗಸರ ಕೆನ್ನೆಯ ಮೇಲೆ ಹರಡುವ ಬಂಗು, ಮೊಡವೆ ಒಣಗಿದ ಜಾಗದಲ್ಲಿ ಉಳಿಯುವ ಕಪ್ಪು ಕಲೆ, ಇವೆರಡೂ ಕಾಣುವ ಬೆಳಕಿಗೆ ಕೆರಳುತ್ತವೆ. ದಿನವೂ ತಪ್ಪದೆ ಒಳ್ಳೆಯ ಸನ್‌ಸ್ಕ್ರೀನ್ ಹಚ್ಚಿದರೂ ಬಂಗು ಹೋಗಲಿಲ್ಲವೆಂದು ಬೇಸರಿಸುವವರಿಗೆ ಇಲ್ಲಿ ಉತ್ತರವಿದೆ.

ಯೋಚಿಸಿದರೆ ವಿಷಯ ಸರಳ. ಹಚ್ಚಿದ್ದು ಗೊತ್ತೇ ಆಗಬಾರದು ಎಂದು ತಯಾರಿಸಿದ ಪಾರದರ್ಶಕ ಕ್ರೀಮು ಕಾಣುವ ಬೆಳಕನ್ನು ಒಳಗೆ ಬಿಡಲೇಬೇಕು; ಬಿಡದಿದ್ದರೆ ಅದು ಪಾರದರ್ಶಕವಾಗಿರುವುದಾದರೂ ಹೇಗೆ? ಕಾಣುವ ಬೆಳಕನ್ನು ತಡೆಯಲು ಕಾಣುವ ಬಣ್ಣವೇ ಬೇಕು. ಆ ಕೆಲಸ ಚೆನ್ನಾಗಿ ಮಾಡುವುದು ಕಬ್ಬಿಣದ ಆಕ್ಸೈಡ್. ನಮ್ಮ ಕರಾವಳಿಯ ಗೋಡೆಗಳಿಗೆ ಬಳಿದ ಕಾವಿಯಲ್ಲಿ, ಮಲೆನಾಡಿನ ಕೆಮ್ಮಣ್ಣಿನಲ್ಲಿ ಇರುವ ಕೆಂಪು ಅದರದ್ದೇ. ಕೆಂಪು, ಹಳದಿ, ಕಪ್ಪು ಆಕ್ಸೈಡುಗಳನ್ನು ಹದವಾಗಿ ಬೆರೆಸಿದರೆ ಮನುಷ್ಯ ಚರ್ಮದ ಬಗೆಬಗೆಯ ಛಾಯೆಗಳು ಬರುತ್ತವೆ. ಧಾರಾವಾಹಿ ನಟನಟಿಯರು ಬೆಳಿಗ್ಗೆ ಎದ್ದು ಹಚ್ಚಿಕೊಳ್ಳುವ ಫೌಂಡೇಶನ್ನಿಗೆ ಬಣ್ಣ ಕೊಡುವುದು ಬಹುಪಾಲು ಇದೇ. ಮೆಕ್ಸಿಕೊದಲ್ಲಿ ಬಂಗಿರುವವರ ಮೇಲೆ ನಡೆದ ಪ್ರಯೋಗದಲ್ಲಿ, ಎಲ್ಲರಿಗೂ ಒಂದೇ ಔಷಧಿ ಕೊಟ್ಟು, ಅರ್ಧ ಜನಕ್ಕೆ ಸಾಮಾನ್ಯ ಸನ್‌ಸ್ಕ್ರೀನ್, ಇನ್ನರ್ಧಕ್ಕೆ ಕಬ್ಬಿಣದ ಆಕ್ಸೈಡ್ ಬೆರೆಸಿದ್ದನ್ನು ಹಚ್ಚಿಸಿದರು. ಬಣ್ಣ ಬೆರೆಸಿದ್ದನ್ನು ಹಚ್ಚಿಕೊಂಡವರ ಕಲೆ ಹೆಚ್ಚು ತಿಳಿಯಾಯಿತು. ಇಷ್ಟು ಅಗ್ಗದ, ಇಷ್ಟು ಹಳೆಯ ವಸ್ತುವಿನಲ್ಲಿ ಇಂಥ ಗುಣವಿರುವುದು ನನಗೆ ನಿಜಕ್ಕೂ ಸಂತೋಷ ಕೊಡುವ ಸಂಗತಿ.

ಫೌಂಡೇಶನ್ ಹಚ್ಚಿದ ಮುಖಗಳನ್ನು ನಾವು ದಿನವೂ ನೋಡುವ ಧಾರಾವಾಹಿ ಎಂಬ ಪ್ರಕಾರ ಹುಟ್ಟಿದ್ದೂ ಡೆಟ್ರಾಯ್ಟ್ ಇರುವ ಅಮೆರಿಕದ ಮಧ್ಯಪಶ್ಚಿಮ ಸೀಮೆಯಲ್ಲೇ. 1930ರಲ್ಲಿ ಶಿಕಾಗೊದ ಡಬ್ಲ್ಯುಜಿಎನ್ ರೇಡಿಯೊಗೆ ಇರ್ನಾ ಫಿಲಿಪ್ಸ್ ಬರೆದ 'ಪೇಂಟೆಡ್ ಡ್ರೀಮ್ಸ್' ಅದರ ಮೊದಲ ಮಾದರಿ. ಅವರದೇ 'ಗೈಡಿಂಗ್ ಲೈಟ್' 1937ರಲ್ಲಿ ರೇಡಿಯೊದಲ್ಲಿ ಶುರುವಾಗಿ, 1952ರಲ್ಲಿ ಟೀವಿಗೆ ಬಂದು, 2009ರವರೆಗೂ ನಡೆಯಿತು. ರೇಡಿಯೊದಲ್ಲಿ ದನಿ ಸಾಕಿತ್ತು. ಟೀವಿಗೆ ಬಂದ ಮೇಲೆ ಮುಖ ಬೇಕಾಯಿತು, ಅದೂ ತೀರ ಹತ್ತಿರದಿಂದ. ಅತ್ತೆಯ ಸಿಟ್ಟು, ಸೊಸೆಯ ಕಣ್ಣೀರು ಎಲ್ಲವನ್ನೂ ಕ್ಲೋಸಪ್ಪಿನಲ್ಲೇ ಹೇಳುವ ಕಥನ ನಮ್ಮದು. ಎಚ್‌ಡಿ ಕ್ಯಾಮೆರಾದಲ್ಲಿ ಚರ್ಮದ ಒಂದೊಂದು ರಂಧ್ರವೂ ಕಾಣುತ್ತದೆ.

ಬೆಂಗಳೂರಿನ ಹೊರವಲಯದ ಶೂಟಿಂಗ್ ಮನೆಯೊಂದರ ಅಂಗಳದಲ್ಲಿ ಏಪ್ರಿಲ್ ಮಧ್ಯಾಹ್ನ ನಿಂತ ನಟಿಯ ಮೇಲೆ ಬೀಳುವ ಅತಿನೇರಳೆಯ ಸೂಚ್ಯಂಕ 11 ದಾಟಿರುತ್ತದೆ. ಇದು 'ವಿಪರೀತ' ಎಂದು ವಿಶ್ವ ಆರೋಗ್ಯ ಸಂಸ್ಥೆ ಗುರುತಿಸುವ ಮಟ್ಟ. ಮೇಲಿಂದ ಬಿಸಿಲು, ಎದುರಿನಿಂದ ರಿಫ್ಲೆಕ್ಟರ್ ಮತ್ತು ಥರ್ಮೋಕೋಲ್ ಹಲಗೆ ಹೊರಳಿಸುವ ಬೆಳಕು. ಮುಖಕ್ಕೆ ಬಣ್ಣದ ರಕ್ಷಣೆಯಾದರೂ ಇದೆ. ಕಿವಿ, ಕತ್ತಿನ ಹಿಂಭಾಗ, ಮುಂಗೈ, ಪಾದಗಳಿಗೆ ಅದೂ ಇಲ್ಲ. ಮೇಲಾಗಿ ಫೌಂಡೇಶನ್ ಒಂದೇ ಸಾಲದು. ಡಬ್ಬಿಯ ಮೇಲೆ ಬರೆದ ಎಸ್‌ಪಿಎಫ್ ಎಂಬ ರಕ್ಷಣೆಯ ಸಂಖ್ಯೆ ನಿಜವಾಗುವುದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂನಷ್ಟು ದಪ್ಪ ಬಳಿದಾಗ. ಮುಖ ಮತ್ತು ಕತ್ತಿಗೆ ಎರಡು ಬೆರಳುದ್ದದ ಕ್ರೀಮು ಬೇಕು. ಜನ ಹಚ್ಚುವುದು ಅದರ ಕಾಲು ಭಾಗವೋ ಅರ್ಧವೋ. ಹಾಗಾಗಿ ಕೆಳಗೆ ಸನ್‌ಸ್ಕ್ರೀನ್, ಅದು ಕೂತ ಮೇಲೆ ಫೌಂಡೇಶನ್, ಹೊರಾಂಗಣದಲ್ಲಿ ಎರಡು ಗಂಟೆಗೊಮ್ಮೆ ಮತ್ತೆ. ಬೆವರೊರೆಸಿ ಪೌಡರ್ ತಟ್ಟುವ ಟಚಪ್‌ನಿಂದ ಈ ಲೆಕ್ಕ ತುಂಬುವುದಿಲ್ಲ.

ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಲೆಕ್ಕ ಬೇರೆ. ಜೂನ್ ಮಧ್ಯಾಹ್ನ ಸೂಚ್ಯಂಕ 8ರ ಆಸುಪಾಸಿಗೆ ಏರಿದರೆ ಡಿಸೆಂಬರಿನಲ್ಲಿ 1ಕ್ಕೋ 2ಕ್ಕೋ ಇಳಿಯುತ್ತದೆ. ಹೆಚ್ಚುಕಡಿಮೆ ಇದೇ ಅಕ್ಷಾಂಶದ ಬಾಸ್ಟನ್‌ನಲ್ಲಿ ಮೈಕೆಲ್ ಹಾಲಿಕ್ ಮತ್ತಿತರರು 1988ರಲ್ಲಿ ತೋರಿಸಿದಂತೆ, ನವೆಂಬರಿನಿಂದ ಫೆಬ್ರವರಿಯವರೆಗೆ ಅಲ್ಲಿನ ಬಿಸಿಲಿನಿಂದ ಚರ್ಮದಲ್ಲಿ ಡಿ ವಿಟಮಿನ್ ತಯಾರಾಗುವುದೇ ಇಲ್ಲ. ಆ ತಿಂಗಳುಗಳಲ್ಲಿ ಸನ್‌ಸ್ಕ್ರೀನ್ ಬಿಟ್ಟುಬಿಟ್ಟರೆ ಡಿ ವಿಟಮಿನ್ ಬಂದೀತು ಎಂಬ ಆಸೆ ಬೇಡ. ಅದು ಊಟದಿಂದಲೋ ಮಾತ್ರೆಯಿಂದಲೋ ಬರಬೇಕು. ಮತ್ತೆ, ಕಾರಿನ ಗಾಜು ಕಾಯುತ್ತದೆ ಎಂಬ ನಂಬಿಕೆಯೂ ಅರ್ಧ ಸತ್ಯ. ಗಾಜು ಯುವಿಬಿಯನ್ನು ತಡೆಯುತ್ತದೆ. ಎದುರಿನ ಎರಡು ಪದರದ ಗಾಜು ಯುವಿಎಯನ್ನೂ ಬಹುಪಾಲು ತಡೆಯುತ್ತದೆ. ಪಕ್ಕದ ಕಿಟಕಿ ಎಷ್ಟೋ ಕಾರುಗಳಲ್ಲಿ ಅದನ್ನು ಒಳಗೆ ಬಿಡುತ್ತದೆ. ಶಿಕಾಗೊದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ವೈದ್ಯರು 2012ರಲ್ಲಿ ಪ್ರಕಟಿಸಿದ ಚಿತ್ರವೊಂದರಲ್ಲಿ, 28 ವರ್ಷ ಟ್ರಕ್ ಓಡಿಸಿದ 69ರ ಚಾಲಕರ ಮುಖದ ಬಲಭಾಗ ವಯಸ್ಸಿಗೆ ತಕ್ಕಂತಿದೆ. ಕಿಟಕಿಯ ಕಡೆಗಿದ್ದ ಎಡಭಾಗ ಆಳವಾಗಿ ಸುಕ್ಕುಗಟ್ಟಿ ಜೋತುಬಿದ್ದಿದೆ. ದಿನಾ ಐ-75 ಹೆದ್ದಾರಿಯಲ್ಲಿ ಹೋಗಿಬರುವವರು ಆ ಚಿತ್ರವನ್ನೊಮ್ಮೆ ನೋಡಬೇಕು.

ಮುಖಕ್ಕೆ ಹಚ್ಚುವ ಬಣ್ಣಕ್ಕೆ ಕೆಟ್ಟ ಚರಿತ್ರೆಯೂ ಇದೆ. ಯಕ್ಷಗಾನದ ಚೌಕಿಯಲ್ಲಿ ಹಿಂದೆ ಮುಖಕ್ಕೆ ಬಳಿಯುತ್ತಿದ್ದ ಅರದಾಳದ ಹಳದಿಯಲ್ಲಿ ಆರ್ಸೆನಿಕ್ ಇತ್ತು, ಇಂಗಳೀಕದ ಕೆಂಪಿನಲ್ಲಿ ಪಾದರಸ ಇತ್ತು. ಅದೇ ಪಾದರಸ ಈಗ ಬಿಳುಪಿನ ಕ್ರೀಮುಗಳ ರೂಪದಲ್ಲಿ ಕದ್ದು ಬರುತ್ತಿದೆ. ಅದು ಮೆಲನಿನ್ ತಯಾರಿಕೆಗೆ ಅಡ್ಡಬರುತ್ತದೆ, ಜೊತೆಗೆ ಮೂತ್ರಪಿಂಡಕ್ಕೂ ಇಳಿಯುತ್ತದೆ. ಇದಕ್ಕಿಂತ ವ್ಯಾಪಕವಾದದ್ದು ಸ್ಟಿರಾಯ್ಡ್ ಮುಲಾಮು. ಹಚ್ಚಿದ ವಾರದಲ್ಲೇ ಮುಖ ತಿಳಿಯಾಗುತ್ತದೆ, ಅದೇ ಅದರ ಮೋಸ. ತಿಂಗಳುಗಳಲ್ಲಿ ಚರ್ಮ ತೆಳುವಾಗಿ ರಕ್ತನಾಳಗಳು ಕಾಣತೊಡಗುತ್ತವೆ, ಮೊಡವೆಯೇಳುತ್ತದೆ, ಗಲ್ಲದ ಮೇಲೆ ಕೂದಲು ಬರುತ್ತದೆ. ನಿಲ್ಲಿಸಿದರೆ ಉರಿದು ಕೆಂಪಾಗುತ್ತದೆ, ಹಾಗಾಗಿ ಬಿಡುವುದೂ ಕಷ್ಟ. 2018ರಲ್ಲಿ ಭಾರತ ಸರ್ಕಾರ ಇಂಥ 14 ಸ್ಟಿರಾಯ್ಡ್‌ಗಳ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಬಿಗಿಗೊಳಿಸಿತು. ಆದರೂ ಊರಿನಿಂದ ಮಿಶಿಗನ್‌ಗೆ ಬರುವ ಸೂಟ್‌ಕೇಸಿನಲ್ಲಿ, ಚಟ್ನಿಪುಡಿ ಸಾರಿನಪುಡಿಯ ಪಕ್ಕ ಈ ಟ್ಯೂಬುಗಳೂ ಬರುತ್ತವೆ. ಹೆಸರಿನ ಕೊನೆಯಲ್ಲಿ 'ಸೋನ್' ಇರುವ ಬೀಟಾಮೆಥಾಸೋನ್, ಮೊಮೆಟಾಸೋನ್ ಕಂಡರೆ ಮುಖಕ್ಕೆ ಸೋಕಿಸುವ ಮೊದಲು ವೈದ್ಯರನ್ನು ಕೇಳಬೇಕು.

ಇನ್ನು ಅಂದಕ್ಕಾಗಿ ಹಿಡಿಸುವ ಕತ್ತರಿಯ ಮಾತು. 2022ರ ಮೇ 16ರಂದು ಬೆಂಗಳೂರಿನಲ್ಲಿ ಚೇತನಾ ರಾಜ್ ತೀರಿಕೊಂಡರು. 'ಗೀತಾ', 'ದೊರೆಸಾನಿ' ಧಾರಾವಾಹಿಗಳಲ್ಲಿ ನಟಿಸಿದ್ದ ಅವರಿಗೆ ಆಗ 21 ವರ್ಷ. ಕೊಬ್ಬು ತೆಗೆಸಿಕೊಳ್ಳುವ ಶಸ್ತ್ರಚಿಕಿತ್ಸೆಗೆ ಹೋಗಿದ್ದರು. ಉಸಿರಾಟದ ತೊಂದರೆಯಾಗಿ ಅದೇ ದಿನ ಜೀವ ಹೋಯಿತು. ಚಿಕಿತ್ಸೆಯಲ್ಲಿ ನಿರ್ಲಕ್ಷ್ಯವಾಯಿತೆಂದು ಹೆತ್ತವರು ಆರೋಪಿಸಿದರು. ಹೊಣೆ ಯಾರದು ಎಂಬುದನ್ನು ಇಲ್ಲಿ ತೀರ್ಮಾನಿಸಲಾಗದು. ಆದರೆ ಆ ವಯಸ್ಸಿನ ಹುಡುಗಿಗೆ ತನ್ನ ಮೈ ಸಾಲದು ಅನ್ನಿಸುವಂತೆ ಮಾಡುವ ಕಣ್ಣುಗಳಲ್ಲಿ ಪರದೆಯ ಮುಂದೆ ಕೂತ ನಮ್ಮವೂ ಸೇರಿವೆ.

ಕೊಬ್ಬು ಹೀರಿ ತೆಗೆಯುವ ಲೈಪೊಸಕ್ಷನ್ನಿನಲ್ಲಿ ನಡೆಯುವುದೇನು ಎಂದು ತಿಳಿದರೆ ಅಪಾಯವೂ ತಿಳಿಯುತ್ತದೆ. 1970ರ ದಶಕದಲ್ಲಿ ಇಟಲಿ, ಫ್ರಾನ್ಸ್‌ಗಳಲ್ಲಿ ಬೆಳೆದ ಈ ವಿಧಾನಕ್ಕೆ ಕ್ಯಾಲಿಫೋರ್ನಿಯಾದ ಚರ್ಮವೈದ್ಯ ಜೆಫ್ರಿ ಕ್ಲೈನ್ 1987ರಲ್ಲಿ ಸುರಕ್ಷಿತ ರೂಪ ಕೊಟ್ಟರು. ಮರಗಟ್ಟಿಸುವ ಲಿಡೊಕೇನ್, ರಕ್ತನಾಳ ಕುಗ್ಗಿಸುವ ಅಡ್ರಿನಲಿನ್ ಇವನ್ನು ಉಪ್ಪುನೀರಿನಲ್ಲಿ ತೀರ ತೆಳುವಾಗಿ ಬೆರೆಸಿ ಚರ್ಮದಡಿ ತುಂಬುತ್ತಾರೆ. ಆಮೇಲೆ ಮೊಂಡು ತುದಿಯ ಸಣ್ಣ ಕೊಳವೆಯಿಂದ ಕೊಬ್ಬನ್ನು ಹೀರುತ್ತಾರೆ. ತುಂಬಿದ ನೀರಿನ ಒಂದು ಪಾಲು ರಕ್ತಕ್ಕೆ ಇಳಿಯುತ್ತದೆ. ಲೆಕ್ಕ ತಪ್ಪಿದರೆ ಶ್ವಾಸಕೋಶದಲ್ಲಿ ನೀರು ನಿಲ್ಲಬಹುದು. ಹರಿದ ರಕ್ತನಾಳದೊಳಗೆ ಕೊಬ್ಬಿನ ಹನಿಗಳು ನುಗ್ಗಿ ಶ್ವಾಸಕೋಶದ ಸೂಕ್ಷ್ಮನಾಳಗಳಲ್ಲಿ ಸಿಕ್ಕಿಕೊಳ್ಳಬಹುದು. ಲಿಡೊಕೇನ್ ಮಿತಿ ಮೀರಿದರೆ ಹೃದಯದ ಬಡಿತ ಕೆಡುತ್ತದೆ. ಒಂದೇ ಸಲಕ್ಕೆ ಹೀರಿದ್ದು 5 ಲೀಟರ್ ಮೀರಿದರೆ ಅದು ದೊಡ್ಡ ಶಸ್ತ್ರಚಿಕಿತ್ಸೆ. ರೋಗಿಯನ್ನು ರಾತ್ರಿಯಿಡೀ ಕಾಯುವ ಆಸ್ಪತ್ರೆಯಲ್ಲೇ ಅದು ಆಗಬೇಕು. ಆದ್ದರಿಂದ ದರಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆ: ಅರಿವಳಿಕೆ ತಜ್ಞರು ಕೊನೆಯವರೆಗೂ ಪಕ್ಕದಲ್ಲಿರುತ್ತಾರೆಯೇ, ತುರ್ತು ಬಂದರೆ ಐಸಿಯು ಅದೇ ಕಟ್ಟಡದಲ್ಲಿದೆಯೇ, ಕತ್ತರಿ ಹಿಡಿಯುವವರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಓದಿದವರೇ.

ಆರೋಗ್ಯಕ್ಕಾದರೂ ಲಾಭವಿದೆಯೇ? 2004ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ದಪ್ಪಗಿದ್ದ 15 ಹೆಂಗಸರ ಹೊಟ್ಟೆಯಿಂದ ತಲಾ ಸುಮಾರು 10 ಕಿಲೊ ಕೊಬ್ಬು ಹೀರಿ, ಎರಡು ಮೂರು ತಿಂಗಳ ಬಳಿಕ ಪರೀಕ್ಷಿಸಿದರು. ಇನ್ಸುಲಿನ್ ಕೆಲಸ ಸುಧಾರಿಸಿರಲಿಲ್ಲ, ರಕ್ತದೊತ್ತಡವೂ ಇಳಿದಿರಲಿಲ್ಲ. ಆಕಾರ ಬದಲಾಗಿತ್ತು, ಅಷ್ಟೇ.

ಹೊರನಾಡಿನ ನಮ್ಮವರಿಗೆ ಇನ್ನೊಂದು ಗಂಡಾಂತರವಿದೆ. ಮೂರು ವಾರದ ರಜೆಗೆ ಊರಿಗೆ ಹೋದಾಗ, ಅಲ್ಲಿ ಖರ್ಚು ಕಡಿಮೆ ಎಂದು ಇಂಥ ಚಿಕಿತ್ಸೆ ಮಾಡಿಸಿಕೊಂಡು ರಜೆ ಮುಗಿಯುತ್ತಲೇ ವಿಮಾನ ಹತ್ತುವುದು. ಶಸ್ತ್ರಚಿಕಿತ್ಸೆಯ ನಂತರದ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಸ್ವಭಾವ ಹೆಚ್ಚಿರುತ್ತದೆ. ಬೆಂಗಳೂರಿನಿಂದ ಡೆಟ್ರಾಯ್ಟ್‌ಗೆ ಇಪ್ಪತ್ತು ಗಂಟೆ ದಾಟುವ ಪ್ರಯಾಣದಲ್ಲಿ ಕಾಲು ಮಡಿಚಿ ಕೂತರೆ ಮೀನಖಂಡದ ರಕ್ತನಾಳದಲ್ಲಿ ಹೆಪ್ಪು ಕಟ್ಟಿ, ಕಳಚಿ, ಶ್ವಾಸಕೋಶಕ್ಕೆ ಬರಬಹುದು. ಯಾವಾಗ ಹಾರಬಹುದು ಎಂಬುದನ್ನು ಟಿಕೆಟ್ ಕೊಳ್ಳುವ ಮೊದಲೇ ಶಸ್ತ್ರವೈದ್ಯರಿಂದ ಕೇಳಿ ತಿಳಿಯಬೇಕು. ಮನೆ ಸೇರಿದ ಮೇಲೆ ಒಂದೇ ಕಾಲು ಊದಿಕೊಂಡು ನೋವಾದರೆ ಅದೇ ದಿನ ವೈದ್ಯರ ಬಳಿ ಹೋಗಬೇಕು. ಉಸಿರು ಸಿಕ್ಕಿಕೊಂಡರೆ, ಎದೆ ಚುಚ್ಚಿದರೆ, ಬೆಳಗಾಗಲಿ ಎಂದು ಕಾಯದೆ 911ಕ್ಕೆ ಕರೆ ಮಾಡಿ, ಊರಿನಲ್ಲಿ ಮಾಡಿಸಿಕೊಂಡ ಚಿಕಿತ್ಸೆಯ ವಿಷಯವನ್ನು ಸಂಕೋಚಪಡದೆ ಮೊದಲ ಮಾತಿನಲ್ಲೇ ಹೇಳಬೇಕು.